ಮುಂದಿನ ಬ್ರೇಕ್ ಇಲ್ಲದ ಫಿಕ್ಸಿ: ಕಾಲೊಂದನ್ನೇ ನಂಬಿ ರಸ್ತೆಗಿಳಿಯಬೇಡಿ

ಮಾನ್ಯ ಸಂಪಾದಕರೇ,

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳ ಸೀಮೆ ಎಂದು ಹೆಸರಾದವು. ನಸುಕಿನಲ್ಲಿ ಸೋಲಾಪುರ ರಸ್ತೆ, ಅಥಣಿ ರಸ್ತೆಯ ಕಡೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಪರ್ಧೆಯಲ್ಲಿ ಓಡಿ ದಣಿದ ಟ್ರ್ಯಾಕ್ ಸೈಕಲ್‌ಗಳು ಈಗ ಕೈಯಿಂದ ಕೈಗೆ ದಾಟಿ ಕಾಲೇಜು ಹುಡುಗರ ಬಳಿ ಬರುತ್ತಿವೆ. ಅಷ್ಟು ದುಡ್ಡಿಲ್ಲದವರು ಹಳೆಯ ಸೈಕಲ್ಲಿನ ಫ್ರೀವೀಲ್‌ಗೆ (ತುಳಿಯದಿದ್ದರೂ ಗಾಲಿ ತಿರುಗಲು ಬಿಡುವ ಹಿಂದಿನ ಹಲ್ಲುಚಕ್ರಕ್ಕೆ) ವೆಲ್ಡಿಂಗ್ ಹೊಡೆಸಿ, ಬ್ರೇಕ್ ಕಿತ್ತು, 'ಫಿಕ್ಸಿ' ಮಾಡಿಕೊಳ್ಳುತ್ತಿದ್ದಾರೆ. ಎರಡರಲ್ಲೂ ಕಾಣುವ ತಪ್ಪು ಒಂದೇ: ಮುಂದಿನ ಗಾಲಿಗೆ ಬ್ರೇಕ್ ಇಲ್ಲ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರಿಕೆ.

ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲ್ ತುಳಿಯುವುದನ್ನು ನಿಲ್ಲಿಸಿದರೂ ಗಾಲಿ ತಿರುಗುತ್ತಲೇ ಇರುತ್ತದೆ. ಫಿಕ್ಸಿಯಲ್ಲಿ ಆ ಸವಲತ್ತಿಲ್ಲ. ಹಿಂದಿನ ಹಲ್ಲುಚಕ್ರ ಗಾಲಿಯ ನಡುವಿನ ಹಬ್‌ಗೆ ಗಟ್ಟಿಯಾಗಿ ಕಚ್ಚಿಕೊಂಡಿರುವುದರಿಂದ, ಗಾಲಿ ತಿರುಗುವವರೆಗೆ ಪೆಡಲೂ ತಿರುಗಲೇಬೇಕು, ಅದರ ಜೊತೆ ಕಾಲೂ. ಮೇಲಕ್ಕೆ ಏರಿ ಬರುವ ಪೆಡಲನ್ನು ಕಾಲಿನಿಂದ ಅದುಮಿ ತಡೆದರೆ ವೇಗ ಇಳಿಯುತ್ತದೆ. ಇಳಿಜಾರಿನಲ್ಲಿ ಎತ್ತುಗಳು ಹಿಮ್ಮೆಟ್ಟಿ ನೊಗಕ್ಕೆ ಕತ್ತು ಕೊಟ್ಟು ಗಾಡಿಯನ್ನು ತಡೆಯುವ ಹಾಗೆ. ಇದನ್ನೇ ನೆಚ್ಚಿಕೊಂಡು ಹುಡುಗರು 'ಕಾಲೇ ಬ್ರೇಕ್, ಬೇರೆ ಬ್ರೇಕ್ ಯಾಕೆ' ಎನ್ನುತ್ತಾರೆ. ವೆಲೊಡ್ರೋಮ್‌ನಲ್ಲಿ, ಅಂದರೆ ಸೈಕಲ್ ಸ್ಪರ್ಧೆಯ ಟ್ರ್ಯಾಕಿನಲ್ಲಿ, ಆ ಮಾತು ಸರಿ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ, ಅಡ್ಡ ಬರುವ ಆಟೊ ಇಲ್ಲ, ಎಮ್ಮೆ ಇಲ್ಲ. ಮುಂದಿದ್ದವನು ಫಕ್ಕನೆ ಬ್ರೇಕ್ ಹಿಡಿದರೆ ಹಿಂದಿದ್ದವರೆಲ್ಲ ಅವನ ಮೇಲೆ ಬೀಳುತ್ತಾರೆ. ಹಾಗಾಗಿ ಟ್ರ್ಯಾಕ್ ಸ್ಪರ್ಧೆಯಲ್ಲಿ ಬ್ರೇಕ್ ಇರುವುದಕ್ಕೇ ಅವಕಾಶವಿಲ್ಲ. ಆ ನಿಯಮ ಹುಟ್ಟಿದ್ದು ಟ್ರ್ಯಾಕಿಗಾಗಿ, ಗಾಂಧಿ ಚೌಕಿಗಾಗಿ ಅಲ್ಲ.

ಲೆಕ್ಕ ನೋಡಿ. ಬ್ರೇಕ್ ಬಿದ್ದ ಕೂಡಲೇ ಸವಾರನ ಭಾರ ಮುಂದಕ್ಕೆ ಸರಿಯುತ್ತದೆ. ಹಿಂದಿನ ಗಾಲಿ ಹಗುರಾಗುತ್ತದೆ. ಹಗುರಾದ ಗಾಲಿಗೆ ನೆಲದ ಹಿಡಿತವೂ ಕಡಿಮೆ. ಎಷ್ಟೇ ಬಲವಾಗಿ ತಡೆದರೂ ಆ ಗಾಲಿ ಜಾರುತ್ತದೆಯೇ ಹೊರತು ನಿಲ್ಲಿಸುವ ಶಕ್ತಿ ಹೆಚ್ಚುವುದಿಲ್ಲ. ಒಣ ಡಾಂಬರು, ಒಳ್ಳೆಯ ಟಯರು ಇದ್ದಾಗ ಗಂಟೆಗೆ 25 ಕಿ.ಮೀ. ವೇಗದಿಂದ ಹಿಂದಿನ ಗಾಲಿಯೊಂದರಿಂದಲೇ ನಿಲ್ಲಲು ಸುಮಾರು 10 ಮೀಟರ್ ಬೇಕು. ಮುಂದಿನ ಬ್ರೇಕ್ ಸರಿಯಾಗಿ ಹಿಡಿದರೆ 5 ಮೀಟರ್ ಸಾಕು. 35 ಕಿ.ಮೀ. ವೇಗದಲ್ಲಿ ಇದೇ ಲೆಕ್ಕ 19 ಮತ್ತು 10 ಮೀಟರ್ ಆಗುತ್ತದೆ. ಕಣ್ಣಿಗೆ ಕಂಡದ್ದು ಕಾಲಿಗೆ ತಲುಪಲು ಹಿಡಿಯುವ ಒಂದು ಸೆಕೆಂಡಿನಲ್ಲಿ 25ರ ವೇಗದ ಸೈಕಲ್ ಇನ್ನೂ 7 ಮೀಟರ್ ಓಡಿರುತ್ತದೆ. ಇದನ್ನು ಎರಡೂ ಕಡೆ ಸೇರಿಸಿಕೊಳ್ಳಿ.

ಟಯರು ಕಿರ್ ಎಂದು ಕೂಗಿಸಿ ಜಾರಿಸುವುದು ನೋಡುವವರಿಗೆ ಚಂದ. ಆದರೆ ಜಾರುವ ಟಯರಿನ ಹಿಡಿತ ಉರುಳುವ ಟಯರಿಗಿಂತ ಕಡಿಮೆ. ಮೇಲಾಗಿ ಅದು ಪಕ್ಕಕ್ಕೂ ಜಾರುತ್ತದೆ, ಆ ಗಳಿಗೆಯಲ್ಲಿ ಹ್ಯಾಂಡಲ್ ಹೊರಳಿಸಿ ತಪ್ಪಿಸಿಕೊಳ್ಳುವ ದಾರಿಯೂ ಕಷ್ಟವಾಗುತ್ತದೆ. ಜಾರಿಸುವುದು ಆಟ, ಬ್ರೇಕ್ ಅಲ್ಲ.

ಈಗ ವೆಲ್ಡಿಂಗ್ ವಿಷಯ. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು ಇದು. ಅಸಲಿ ಟ್ರ್ಯಾಕ್ ಹಬ್ ಮೇಲೆ ಎರಡು ಮೆಟ್ಟಿಲಿನಂತೆ ಎರಡು ಥ್ರೆಡ್ ಇರುತ್ತವೆ. ಒಳಗಿನ ದೊಡ್ಡದರ ಮೇಲೆ ಹಲ್ಲುಚಕ್ರ ಕೂರುತ್ತದೆ. ಅದು ಬಲಸುತ್ತು, ಅಂದರೆ ಮುಂದಕ್ಕೆ ತುಳಿದಷ್ಟೂ ಬಿಗಿಯುತ್ತದೆ. ಹೊರಗಿನ ಸಣ್ಣದರ ಮೇಲೆ ಲಾಕ್‌ರಿಂಗ್ ಕೂರುತ್ತದೆ. ಅದು ಎಡಸುತ್ತು. ಕಾಲಿನಿಂದ ತಡೆದಾಗ ಹಲ್ಲುಚಕ್ರ ಬಿಚ್ಚಿಕೊಳ್ಳಲು ನೋಡುತ್ತದೆ. ಹಾಗೆ ಬಿಚ್ಚುವ ದಿಕ್ಕೇ ಲಾಕ್‌ರಿಂಗಿಗೆ ಬಿಗಿಯುವ ದಿಕ್ಕು. ಒಂದು ಸಡಿಲಾಗಲು ಹೊರಟರೆ ಇನ್ನೊಂದು ಅದನ್ನು ಅಮುಕಿ ಹಿಡಿಯುತ್ತದೆ. ಬಜಾರದ ಮಾಮೂಲಿ ಹಬ್‌ನಲ್ಲಿ ಈ ಎರಡನೇ ಮೆಟ್ಟಿಲೇ ಇಲ್ಲ. ಫ್ರೀವೀಲ್ ಒಳಗೆ ಎಷ್ಟು ವೆಲ್ಡ್ ಹೊಡೆದರೂ ಅದು ಹಬ್‌ಗೆ ಹಿಡಿದಿರುವುದು ಒಂದೇ ಬಲಸುತ್ತಿನ ಥ್ರೆಡ್‌ನಿಂದ. ಜೋರಾಗಿ ತಡೆದ ದಿನ ಅದು ಇಡಿಯಾಗಿ ತಿರುಗಿ ಸಡಿಲಾಗುತ್ತದೆ, ಕಾಲು ಹಿಂದಕ್ಕೆ ಖಾಲಿ ಹೋಗುತ್ತದೆ, ಗಾಲಿ ಮಾತ್ರ ಓಡುತ್ತಿರುತ್ತದೆ. ಕೆಲವರು ಪೆಡಲ್ ಅಚ್ಚಿನ ಬೇರಿಂಗ್ ಕಪ್ಪಿನ ರಿಂಗನ್ನು ಹೊರಗಡೆ ಸುತ್ತಿ, ಅಂಟು ಹಚ್ಚಿ, 'ಲಾಕ್ ಆಯಿತು' ಎನ್ನುತ್ತಾರೆ. ಅದೂ ಬಲಸುತ್ತೇ, ಹಲ್ಲುಚಕ್ರದ ಜೊತೆ ತಾನೂ ಬಿಚ್ಚುತ್ತದೆ. ಅಂಟು ಒಂದಷ್ಟು ಕಾಲ ತಡೆಯಬಹುದು. ಯಾವಾಗ ಬಿಡುತ್ತದೆ ಎಂದು ಮುಂಚೆ ಹೇಳುವುದಿಲ್ಲ.

ಅಸಲಿ ಹಬ್ ಇದ್ದವರೂ ಜೋಡಣೆಯಲ್ಲಿ ಅವಸರ ಮಾಡಬಾರದು. ಎರಡೂ ಥ್ರೆಡ್ ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ. ಹಲ್ಲುಚಕ್ರವನ್ನು ಮೊದಲು ಕೈಯಿಂದಲೇ ಕೂರಿಸಿ. ಕೈಗೆ ಅಡ್ಡಡ್ಡ ಹೋಗುತ್ತಿದ್ದರೆ ಪಾನಾ ಹಾಕಿ ಒತ್ತಾಯಿಸಬೇಡಿ. ಹಬ್ ಅಲ್ಯೂಮಿನಿಯಮ್‌ದು, ಹಲ್ಲುಚಕ್ರ ಉಕ್ಕಿನದು. ಕೆಡುವುದು ಹಬ್ಬಿನ ಥ್ರೆಡ್, ಒಮ್ಮೆ ಕೆಟ್ಟರೆ ಹಬ್ ಗುಜರಿಗೇ. ಚೈನಿನ ತುಂಡು ಕಟ್ಟಿದ ಸಲಾಕೆಯಿಂದ ಬಿಗಿದ ಮೇಲೆ ಲಾಕ್‌ರಿಂಗನ್ನು ಕೊಕ್ಕೆ ಪಾನಾದಿಂದ ಎಡಕ್ಕೆ ಬಿಗಿಯಬೇಕು. ಸುತ್ತಿಗೆ, ಉಳಿ ಹಿಡಿದು ಹೊಡೆಯುವುದು ಬೇಡ, ಕಚ್ಚುಗಳು ಹಾರಿಹೋಗುತ್ತವೆ. ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಒಂದು ಏರಿನಲ್ಲಿ ನಿಂತು ಜೋರಾಗಿ ತುಳಿಯಿರಿ. ಹಲ್ಲುಚಕ್ರ ಇನ್ನೂ ಕೂದಲೆಳೆಯಷ್ಟು ಒಳಗೆ ಸರಿಯುತ್ತದೆ, ಲಾಕ್‌ರಿಂಗ್ ಅಷ್ಟೇ ಸಡಿಲಾಗುತ್ತದೆ. ಮನೆಗೆ ಬಂದು ಅದನ್ನು ಮತ್ತೊಮ್ಮೆ ಬಿಗಿಯಿರಿ. ಅಲ್ಲಿಯವರೆಗೆ ಕಾಲಿನಿಂದ ಜೋರಾಗಿ ತಡೆಯಬೇಡಿ. ಈ ಎರಡನೇ ಬಿಗಿತವನ್ನು ಮರೆಯುವುದರಿಂದಲೇ ಒಳ್ಳೊಳ್ಳೆಯ ಹಬ್‌ಗಳ ಥ್ರೆಡ್ ತಿಂದುಹೋಗುತ್ತವೆ.

ಚೈನು ಸಡಿಲಿದ್ದರೆ ಕಾಲಿನ ಬ್ರೇಕ್ ಇದ್ದೂ ಇಲ್ಲದಂತೆ. ಚೈನು ಕಳಚಿ ಹೊರಗೆ ಬಿದ್ದರೆ ತಡೆಯಲು ಏನೂ ಉಳಿಯದು. ಗಾಲಿ ಮತ್ತು ಫ್ರೇಮಿನ ನಡುವೆ ಸಿಕ್ಕಿಕೊಂಡರೆ ಗಾಲಿ ಒಮ್ಮೆಲೇ ನಿಂತು ಸವಾರ ನೆಲಕ್ಕೆ. ಚೈನಿನ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿ ನೋಡಿದರೆ ಒಟ್ಟು ಅರ್ಧ ಇಂಚು ಆಡಬೇಕು, ಅದಕ್ಕಿಂತ ಹೆಚ್ಚಲ್ಲ. ಪೆಡಲ್ ಬಳಿಯ ಚೈನ್‌ವೀಲ್ ಪೂರ್ತಿ ದುಂಡಗಿರುವುದು ಅಪರೂಪ. ಹಾಗಾಗಿ ಪೆಡಲ್ ನಿಧಾನಕ್ಕೆ ತಿರುಗಿಸುತ್ತ, ಎಲ್ಲಿ ಅತಿ ಬಿಗಿಯೋ ಅಲ್ಲಿ ನಿಲ್ಲಿಸಿ ಈ ಅಳತೆ ನೋಡಿ. ಅಲ್ಲಿಯೂ ಚೂರು ಆಟ ಇರಬೇಕು, ಇಲ್ಲದಿದ್ದರೆ ಬೇರಿಂಗ್ ಸವೆಯುತ್ತದೆ. ಹಿಂದಿನ ಗಾಲಿಯ ನಟ್ಟುಗಳಿಗೆ 15ರ ಪಾನಾ ಬೇಕು. ಅದು ಮನೆಯಲ್ಲಿರುವುದಕ್ಕಿಂತ ಸೀಟಿನ ಕೆಳಗಿನ ಚೀಲದಲ್ಲಿರುವುದು ಒಳ್ಳೆಯದು. ಗೇರ್ ಸೈಕಲ್ಲಿನ ಸ್ಪ್ರಿಂಗ್ ಟೆನ್ಷನರ್ ಹಾಕಿ ಸಡಿಲು ತೆಗೆಯುವ ಉಪಾಯ ಫಿಕ್ಸಿಗೆ ಖಂಡಿತ ಆಗದು. ಕಾಲು ತಡೆದಾಗ ಎಳೆತ ಬೀಳುವುದು ಚೈನಿನ ಕೆಳಭಾಗಕ್ಕೆ, ಸ್ಪ್ರಿಂಗ್ ಇರುವುದೂ ಅಲ್ಲೇ. ಅದು ಮುರಿಯುತ್ತದೆ ಅಥವಾ ಗಾಲಿಯ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಮೇಲಿಂದ ನೋಡಿದಾಗ ಚೈನ್‌ವೀಲ್, ಹಿಂದಿನ ಹಲ್ಲುಚಕ್ರ ಎರಡೂ ಒಂದೇ ಗೆರೆಯಲ್ಲಿರಬೇಕು. ಇನ್ನು ಸವೆತ: ಚೈನಿನ 12 ಇಂಚಿನ ಉದ್ದವನ್ನು ಪಿನ್ನಿನಿಂದ ಪಿನ್ನಿಗೆ ಅಳೆಯಿರಿ. ಇಂಚಿನ 16ನೇ ಒಂದು ಭಾಗ ಹೆಚ್ಚು ಬಂದರೆ ಚೈನು ಬದಲಿಸುವ ಹೊತ್ತು. 8ನೇ ಒಂದು ಭಾಗ ಹೆಚ್ಚಿದರೆ ಹಲ್ಲುಗಳೂ ಹೋಗಿವೆ ಎಂದೇ ತಿಳಿಯಿರಿ.

ಮುಂದಿನ ಬ್ರೇಕ್ ಹಾಕಿಸಲು ಹೊರಟಾಗ ಮೊದಲ ಅಡ್ಡಿ ಫೋರ್ಕ್, ಅಂದರೆ ಮುಂದಿನ ಗಾಲಿಯನ್ನು ಹಿಡಿದ ಕವಲು. ಟ್ರ್ಯಾಕ್ ಸೈಕಲ್ಲಿನ ಬಹುತೇಕ ಫೋರ್ಕ್‌ಗಳಲ್ಲಿ ಬ್ರೇಕಿನ ಬೋಲ್ಟಿಗೆ ತೂತೇ ಇರುವುದಿಲ್ಲ. ಕಾರ್ಬನ್ ಫೋರ್ಕ್ ಆಗಿದ್ದರೆ ತೂತು ಕೊರೆಯುವ ಮಾತೇ ಬೇಡ. ತೂತಿರುವ ಉಕ್ಕಿನ ರೋಡ್ ಫೋರ್ಕ್ ಹುಡುಕಿ ಹಾಕಿಸಿ, ಖರ್ಚು ಬಂದರೂ ಬರಲಿ. ಕ್ಯಾಲಿಪರ್ (ರಿಮ್ಮನ್ನು ಎರಡೂ ಕಡೆಯಿಂದ ಅಮುಕುವ ಬ್ರೇಕ್) ಕೊಳ್ಳುವ ಮುಂಚೆ ಬೋಲ್ಟಿನ ತೂತಿನಿಂದ ರಿಮ್ಮಿನ ನಡುವಿನವರೆಗೆ ಅಳೆಯಿರಿ. ಅಂಗಡಿಯಲ್ಲಿ ಸಿಗುವ ಸಣ್ಣ ಕ್ಯಾಲಿಪರ್ 39ರಿಂದ 49 ಮಿ.ಮೀ., ಉದ್ದದ್ದು 47ರಿಂದ 57 ಮಿ.ಮೀ. ತಲುಪುತ್ತದೆ. ಅಳತೆ ತಪ್ಪಿದರೆ ರಬ್ಬರ್ ಟಯರಿಗೆ ತಾಗುತ್ತದೆ, ಒಂದೇ ಇಳಿಜಾರಿನಲ್ಲಿ ಟಯರಿನ ಪಕ್ಕ ಹರಿಯಬಹುದು. ರಬ್ಬರ್ ಪೂರ್ತಿಯಾಗಿ ರಿಮ್ಮಿನ ಮೇಲೇ ಕೂರಬೇಕು, ರಿಮ್ಮಿಗೂ ರಬ್ಬರಿಗೂ 2 ಮಿ.ಮೀ. ಅಂತರ ಇರಬೇಕು. ಗಾಲಿ ಓಡುವ ದಿಕ್ಕಿಗಿರುವ ತುದಿ ಮೊದಲು ತಾಗುವ ಹಾಗೆ 1 ಮಿ.ಮೀ. ಓರೆ ಕೊಟ್ಟರೆ ಕಿರಿಚಾಟ ಇರದು. ಬಣ್ಣ ಬಳಿದ ಅಗಲ ರಿಮ್ಮುಗಳು ಬಂದಿವೆ. ಅವುಗಳ ಪಕ್ಕದಲ್ಲಿ ಬ್ರೇಕಿಗೆಂದು ಕಡೆದ, ಬಣ್ಣವಿಲ್ಲದ ಪಟ್ಟಿ ಇದೆಯೇ ನೋಡಿ. ಬಣ್ಣದ ಮೇಲೆ ರಬ್ಬರ್ ಒತ್ತಿದರೆ ಹಿಡಿತ ಸಾಲದು, ಬಣ್ಣವೂ ಉಳಿಯದು.

ಕೇಬಲ್ ವಿಷಯದಲ್ಲಿ ಒಂದೇ ಮಾತು: ಗೇರಿನ ಹೊರಕವಚ ಬ್ರೇಕಿಗೆ ಹಾಕಬೇಡಿ. ನೋಡಲು ಒಂದೇ ತರಹ. ಆದರೆ ಗೇರಿನ ಕವಚದೊಳಗೆ ತಂತಿಗಳು ಉದ್ದುದ್ದಕ್ಕೆ ಇರುತ್ತವೆ, ಬ್ರೇಕಿನದರಲ್ಲಿ ಸುರುಳಿಯಾಗಿ ಸುತ್ತಿರುತ್ತವೆ. ಜೋರಾಗಿ ಲಿವರ್ ಎಳೆದಾಗ ಗೇರಿನ ಕವಚ ಸಿಡಿಯುತ್ತದೆ. ಸಿಡಿಯುವುದು ಬ್ರೇಕ್ ಅತಿ ಬೇಕಾದ ಹೊತ್ತಿಗೇ. ಲಿವರ್ ಎಷ್ಟೇ ಬಲವಾಗಿ ಒತ್ತಿದರೂ ಹ್ಯಾಂಡಲ್‌ಗೆ ತಾಗಬಾರದು. ಬೈಕ್ ಓಡಿಸುವವರಿಗೆ ಮುಂದಿನ ಬ್ರೇಕ್ ಬಲಗೈಯಲ್ಲೇ ರೂಢಿ, ಸೈಕಲ್ಲಿಗೂ ಬಲಕ್ಕೇ ಹಾಕಿಸಿ. ಗಾಬರಿಯಲ್ಲಿ ಕೈ ರೂಢಿಯಾದ ಕಡೆಗೇ ಹೋಗುತ್ತದೆ.

ಹಳೆಯ ಕಪ್ಪು ಸೈಕಲ್ಲನ್ನು ಫಿಕ್ಸಿ ಮಾಡುವವರು ಅದರ ಮುಂದಿನ ಸಲಾಕೆ ಬ್ರೇಕನ್ನಾದರೂ ಉಳಿಸಿಕೊಳ್ಳಲಿ. ಅದು ಸುಮಾರು, ಆದರೂ ಇಲ್ಲದ್ದಕ್ಕಿಂತ ವಾಸಿ. ಹೊಳೆಯುವ ಉಕ್ಕಿನ ರಿಮ್ ಮಳೆಯಲ್ಲಿ ತೊಯ್ದರೆ ಮಾತ್ರ ಆ ಹಿಡಿತವೂ ತೀರಾ ಇಳಿಯುತ್ತದೆ, ಅಲ್ಯೂಮಿನಿಯಮ್ ರಿಮ್ಮಿನಷ್ಟು ಬರುವುದಿಲ್ಲ.

ಇನ್ನು ಓಡಿಸುವ ಬಗೆ. ಕಾಲು ಪೆಡಲಿಗೆ ಕಟ್ಟಿಕೊಂಡಿರಬೇಕು: ಟೋ ಕ್ಲಿಪ್ಪಿನ ಜೊತೆ ಪಟ್ಟಿ, ಇಲ್ಲವೇ ಶೂಗೆ ಕಚ್ಚುವ ಪೆಡಲ್. ಚಪ್ಪಲಿಯಲ್ಲಿ ಫಿಕ್ಸಿ ಬೇಡ. ವೇಗದಲ್ಲಿ ಕಾಲು ಜಾರಿದರೆ ಗಿರಗಿರ ತಿರುಗುವ ಪೆಡಲಿಗೆ ಮತ್ತೆ ಕಾಲಿಡಲು ಆಗುವುದಿಲ್ಲ. ಪೆಡಲ್ ಮೊಣಕಾಲಿಗೆ ಬಡಿಯುತ್ತದೆ, ಕಾಲಿನ ಬ್ರೇಕೂ ಇಲ್ಲ. ಆ ಸ್ಥಿತಿಯಲ್ಲಿ ಎರಡೂ ಕಾಲು ಪೆಡಲಿನಿಂದ ದೂರ ಚಾಚಿ, ಮುಂದಿನ ಬ್ರೇಕನ್ನು ಹಂತಹಂತವಾಗಿ ಹಿಡಿದು ನಿಲ್ಲಿಸುವುದೊಂದೇ ದಾರಿ. ಬ್ರೇಕೇ ಇಲ್ಲದಿದ್ದರೆ ಆ ದಾರಿಯೂ ಇಲ್ಲ.

ಹೊಸಬರು ಖಾಲಿ ಮೈದಾನದಲ್ಲಿ ಕಲಿಯಲಿ. ನಡಿಗೆಗಿಂತ ಸ್ವಲ್ಪ ಜೋರಾದ ವೇಗದಲ್ಲಿ, ಹಿಂದಿನಿಂದ ಮೇಲೇರುವ ಪೆಡಲಿನ ಮೇಲೆ ಭಾರ ಬಿಡುವುದು ಮೊದಲ ಪಾಠ. ಪೆಡಲ್ ತಳ ದಾಟಿ ಹಿಂಬದಿಗೆ ಬಂದಾಗ ಒತ್ತಬೇಕು. ಅದೇ ಹೊತ್ತಿಗೆ ಮುಂದೆ ಇಳಿಯುತ್ತಿರುವ ಇನ್ನೊಂದು ಕಾಲು ಪಟ್ಟಿಯನ್ನು ಮೇಲಕ್ಕೆ ಎಳೆಯಬೇಕು. ಒಮ್ಮೆಲೇ ಕಾಲು ಬಿರುಸು ಮಾಡಿ ನಿಲ್ಲಿಸಲು ಹೋಗಬಾರದು. ಸಾದಾ ಸೈಕಲ್ ರೂಢಿಯಾದವರು ಗುಂಡಿ ಬಂದಾಗ ಅರಿವಿಲ್ಲದೆ ತುಳಿಯುವುದನ್ನು ನಿಲ್ಲಿಸುತ್ತಾರೆ. ಆಗ ಏರಿ ಬರುವ ಪೆಡಲ್ ಸವಾರನನ್ನೇ ಸೀಟಿನಿಂದ ಎತ್ತಿ ಮುಂದಕ್ಕೆ ದಬ್ಬುತ್ತದೆ. ಎರಡನೇ ಪಾಠ, ಕಾಲು ಸುಮ್ಮನೆ ತಿರುಗುತ್ತಿರಲಿ, ಬರೀ ಮುಂದಿನ ಬ್ರೇಕಿನಿಂದ ನಿಲ್ಲುವುದು. ಎರಡೂ ಬಂದ ಮೇಲೆ ಕೂಡಿಸುವುದು.

ತುರ್ತಿನಲ್ಲಿ ಹೀಗೆ: ಸೀಟಿನ ಮೇಲೆ ಹಿಂದಕ್ಕೆ ಸರಿಯಿರಿ, ತೋಳು ಚಾಚಿ ದೇಹದ ಭಾರವನ್ನು ಅಂಗೈಗೆ ತಡೆಕೊಡಿ, ಮುಂದಿನ ಲಿವರನ್ನು ಫಟ್ಟನೆ ಅಲ್ಲ, ಬಿಗಿ ಹೆಚ್ಚಿಸುತ್ತ ಒತ್ತಿ, ಜೊತೆಗೆ ಕಾಲಿನಿಂದ ತಡೆಯಿರಿ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂಬ ಹೆದರಿಕೆ ಊರಲ್ಲೆಲ್ಲ ಇದೆ. ಪಲ್ಟಿಯಾಗುವುದು ಬಹುಪಾಲು ತೋಳು ಸಡಿಲ ಬಿಟ್ಟು ದೇಹ ಮುಂದಕ್ಕೆ ನುಗ್ಗಿದಾಗ. ಇಲ್ಲಿ ಫಿಕ್ಸಿಗೆ ಒಂದು ಹೆಚ್ಚಿನ ಗುಣವಿದೆ, ಅದನ್ನು ಒಪ್ಪಲೇಬೇಕು. ಹಿಂದಿನ ಗಾಲಿ ನೆಲ ಬಿಡಲು ಬಂದರೆ ಅಥವಾ ಜಾರಲು ಬಂದರೆ ಪೆಡಲಿನ ಎದುರೊತ್ತಡ ಸಡಿಲಾಗಿ ಕಾಲಿಗೇ ಗೊತ್ತಾಗುತ್ತದೆ. ಗೊತ್ತಾದ ಕ್ಷಣ ಲಿವರನ್ನು ಕೊಂಚ ಬಿಟ್ಟರೆ ಸಾಕು.

ಹಲ್ಲಿನ ಲೆಕ್ಕವೂ ಬ್ರೇಕಿಗೆ ಸಂಬಂಧಪಟ್ಟದ್ದೇ. ಟ್ರ್ಯಾಕಿನಿಂದ ಬಂದ ಸೈಕಲ್ಲಿನಲ್ಲಿ ಮುಂದೆ 49 ಹಲ್ಲು, ಹಿಂದೆ 14 ಇರಬಹುದು. ಅಷ್ಟು ಭಾರದ ಗೇರನ್ನು ಕಾಲಿನಿಂದ ತಡೆಯುವುದು ಕಷ್ಟ. ರಸ್ತೆಗೆ 46/16 ಅಥವಾ 44/17 ಹದ. 48/16 ಬೇಡ ಎನ್ನುವುದಕ್ಕೆ ಬೇರೆಯೇ ಕಾರಣ. ಪೆಡಲ್ ಒಂದು ಸುತ್ತಿಗೆ ಗಾಲಿ ಸರಿಯಾಗಿ 3 ಸುತ್ತು ಬರುವುದರಿಂದ, ಪ್ರತಿಸಲ ಜಾರಿದಾಗಲೂ ಟಯರಿನ ಒಂದೇ ಜಾಗ ನೆಲಕ್ಕೆ ಉಜ್ಜುತ್ತದೆ. ಆ ಒಂದು ಕಡೆ ನೂಲು ಕಾಣುವಷ್ಟು ಸವೆದರೂ ಉಳಿದ ಟಯರು ಹೊಸದರಂತೆ ಇರುತ್ತದೆ, ಮೇಲ್ನೋಟಕ್ಕೆ ಗೊತ್ತೇ ಆಗದು. 46/16ರಲ್ಲಿ ಸವೆತ 8 ಜಾಗಕ್ಕೆ ಹಂಚಿಹೋಗುತ್ತದೆ, 44/17ರಲ್ಲಿ 17 ಜಾಗಕ್ಕೆ. ಒಂದೆರಡು ಹಲ್ಲಿನ ವ್ಯತ್ಯಾಸ ಟಯರಿನ ಆಯುಷ್ಯವನ್ನೇ ಬದಲಿಸುತ್ತದೆ.

ನಮ್ಮ ರಸ್ತೆಗಳು ಬೇರೆ. ಸುಗ್ಗಿಯಲ್ಲಿ ತೊಗರಿ, ಕಡಲೆ, ಜೋಳವನ್ನು ಡಾಂಬರಿನ ಮೇಲೇ ಹರವಿ ಒಕ್ಕುತ್ತಾರೆ. ಹೊಟ್ಟು, ದಂಟು ಗಾಲಿಗೆ, ಚೈನಿಗೆ ಸುತ್ತಿಕೊಳ್ಳುತ್ತವೆ. ದುಂಡು ಕಾಳಿನ ಮೇಲೆ ಯಾವ ಬ್ರೇಕೂ ಹಿಡಿಯದು. ದೂರದಿಂದಲೇ ನಿಧಾನ ಮಾಡಿ, ಕಾಳಿನ ಮೇಲೆ ಬ್ರೇಕ್ ಮುಟ್ಟದೆ, ಬೇಕಾದರೆ ಇಳಿದು ದೂಡಿಕೊಂಡು ದಾಟಿ. ಮೊದಲ ಮಳೆಗೆ ಹೊಲದಿಂದ ಬರುವ ಟ್ರ್ಯಾಕ್ಟರ್ ಗಾಲಿಗಳು ಎರೆಮಣ್ಣನ್ನು ರಸ್ತೆಗೆ ಮೆತ್ತುತ್ತವೆ. ಅದು ಸಾಬೂನಿನಷ್ಟೇ ಜಾರುತ್ತದೆ, ರಿಮ್ಮಿಗೂ ಅಂಟುತ್ತದೆ. ಅಂಥಲ್ಲಿ ಮುಂದಿನ ಬ್ರೇಕ್ ಮೆಲ್ಲಗೆ, ಕಾಲಿನ ತಡೆ ಹೆಚ್ಚು. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರ್‌ಗಳ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸಿ ಓಡುವ ಹುಡುಗರಿದ್ದಾರೆ. ಆ ಟ್ರೇಲರ್‌ಗೆ ಹಿಂದೀಪ ಇರುವುದೇ ಅನುಮಾನ, ಮುಂದೇನಿದೆ ಎಂದು ಕಾಣುವುದಂತೂ ಇಲ್ಲ.

ತಿರುವಿನಲ್ಲೂ ಪೆಡಲ್ ತಿರುಗುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು. ಸೈಕಲ್ ವಾಲಿಸಿದಾಗ ಒಳಗಿನ ಪೆಡಲ್ ನೆಲಕ್ಕೆ ಬಡಿದರೆ ಹಿಂದಿನ ಗಾಲಿ ಎಗರುತ್ತದೆ. ಟ್ರ್ಯಾಕ್ ಫ್ರೇಮ್‌ಗಳಲ್ಲಿ ಪೆಡಲಿನ ಅಚ್ಚು ಎತ್ತರದಲ್ಲಿರುತ್ತದೆ, ಸಾಮಾನ್ಯವಾಗಿ 165 ಮಿ.ಮೀ. ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) ಇರುತ್ತದೆ. ಸಾದಾ ರೋಡ್ ಫ್ರೇಮಿಗೆ 170 ಅಥವಾ ಹೆಚ್ಚಿನ ಕ್ರ್ಯಾಂಕ್ ಇಟ್ಟು ಫಿಕ್ಸಿ ಮಾಡಿದವರು ತಿರುವಿಗೆ ಮುಂಚೆಯೇ ವೇಗ ಇಳಿಸಿಕೊಳ್ಳಬೇಕು.

ಬೆಳಗಾವಿಯವರಿಗೆ ಪ್ರತ್ಯೇಕವಾಗಿ ಹೇಳುವುದಿದೆ. ಚೋರ್ಲಾ, ಅಂಬೋಲಿ ಘಾಟಿಗೆ ಒಂದೇ ಬ್ರೇಕಿನ ಫಿಕ್ಸಿ ಒಯ್ಯಬೇಡಿ. 46/16ರ ಸೈಕಲ್ ಗಂಟೆಗೆ 50 ಕಿ.ಮೀ. ವೇಗದಲ್ಲಿ ಇಳಿದರೆ ನಿಮಿಷಕ್ಕೆ ಸುಮಾರು 138 ಸುತ್ತು ಕಾಲು ತಿರುಗಬೇಕು. ಅಷ್ಟು ಹೊತ್ತಿಗೆ ಬಹಳ ಮಂದಿ ಸೀಟಿನ ಮೇಲೆ ಕುಣಿಯುತ್ತಿರುತ್ತಾರೆ, ತಡೆಯುವ ಮಾತು ದೂರ. 35 ಕಿ.ಮೀ. ಒಳಗೆ ಹಿಡಿದಿಟ್ಟರೆ ಸುತ್ತು ನೂರರೊಳಗೆ ಇರುತ್ತದೆ. ಆ ಹಿಡಿತವನ್ನು ಇಳಿಜಾರಿನ ತಲೆಯಲ್ಲೇ ಶುರುಮಾಡಬೇಕು. ಓಡಲು ಬಿಟ್ಟು ಆಮೇಲೆ ಹಿಡಿಯುತ್ತೇನೆ ಎಂದರೆ ಆಗದು. ಎರಡೂ ಗಾಲಿಗೆ ರಿಮ್ ಬ್ರೇಕ್ ಇದ್ದು, ಒಂದು ಕಡೆ ಫಿಕ್ಸ್ ಇನ್ನೊಂದು ಕಡೆ ಫ್ರೀವೀಲ್ ಇರುವ ಹಬ್ ಆಗಿದ್ದರೆ, ಘಾಟಿಗೆ ಗಾಲಿ ತಿರುವಿ ಫ್ರೀವೀಲ್ ಹಾಕಿಕೊಳ್ಳುವುದೇ ಜಾಣತನ. ಫ್ರೀವೀಲ್ ಹಾಕಿದ ಕೂಡಲೇ ಕಾಲಿನ ಬ್ರೇಕ್ ಇಲ್ಲವಾಗುತ್ತದೆ, ಹಾಗಾಗಿ ಹಿಂದಿನ ರಿಮ್ ಬ್ರೇಕ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು. ರಿಮ್ಮಿಗೆ ಅಂಟಿನಿಂದ ಕೂರಿಸಿದ ಟ್ರ್ಯಾಕ್ ಟಯರ್ ಇದ್ದವರು ಇನ್ನಷ್ಟು ಎಚ್ಚರ ವಹಿಸಲಿ. ಬ್ರೇಕ್ ಉಜ್ಜಿ ರಿಮ್ ಕಾದರೆ ಅಂಟು ಮೆತ್ತಗಾಗುತ್ತದೆ.

ಫಿಕ್ಸಿಯ ಚೈನು ಒರೆಸುವಾಗ ಗಾಲಿ ತಿರುಗಿಸಿಬಿಟ್ಟು ಬಟ್ಟೆ ಹಿಡಿಯಬೇಡಿ. ಬಟ್ಟೆ ಹಲ್ಲಿಗೆ ಸಿಕ್ಕರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ತಿರುಗುವ ಗಾಲಿಯ ಬಲವೆಲ್ಲ ಚೈನಿನಲ್ಲಿರುತ್ತದೆ, ಬೆರಳು ತುಂಡಾಗುವಷ್ಟು. ಪ್ಯಾಂಟಿನ ಅಂಚು, ಶೂ ದಾರ, ದುಪಟ್ಟಾ ಎಲ್ಲಕ್ಕೂ ಇದೇ ಮಾತು.

ಬ್ರಿಟನ್ನಿನಲ್ಲಿ 1983ರ ನಿಯಮದ ಪ್ರಕಾರ ರಸ್ತೆಯ ಫಿಕ್ಸಿಗೆ ಮುಂದಿನ ಬ್ರೇಕ್ ಇರಲೇಬೇಕು. 2016ರಲ್ಲಿ ಲಂಡನ್ನಿನಲ್ಲಿ ಅದಿಲ್ಲದ ಟ್ರ್ಯಾಕ್ ಸೈಕಲ್ ಪಾದಚಾರಿ ಮಹಿಳೆಯೊಬ್ಬರಿಗೆ ಡಿಕ್ಕಿ ಹೊಡೆದು ಆಕೆ ತೀರಿಕೊಂಡರು, ಮರುವರ್ಷ ಸವಾರನಿಗೆ 18 ತಿಂಗಳ ಸಜೆಯಾಯಿತು. ನಮ್ಮಲ್ಲಿ ಪೊಲೀಸರು ಸೈಕಲ್ಲಿನ ಬ್ರೇಕ್ ನೋಡುವುದು ಅಪರೂಪ. ತಂದೆತಾಯಿ, ತರಬೇತುದಾರರು, ಅಂಗಡಿಯವರೇ ನೋಡಬೇಕು. ಅಂದಕ್ಕಾಗಿ ಬ್ರೇಕ್ ಕೀಳಿಸುವ ಶೋಕಿ ನಮಗಂತೂ ಅರ್ಥವಾಗಿಲ್ಲ.

ಹಳೆಯ ಫಿಕ್ಸಿ ಕೊಳ್ಳಲು ಹೋದವರು ಬಣ್ಣ, ಹೆಸರು ಆಮೇಲೆ ನೋಡಲಿ. ಮೊದಲು ಹಿಂದಿನ ಗಾಲಿಯ ಬಲಬದಿಗೆ ಕೂತು, ಹಲ್ಲುಚಕ್ರದ ಹೊರಗೆ ಅದಕ್ಕಿಂತ ಸಣ್ಣ ಅಳತೆಯ, ಕಚ್ಚುಗಳಿರುವ ರಿಂಗ್ ಇದೆಯೇ ನೋಡಿ. ಗಾಲಿ ಅಲುಗದಂತೆ ಹಿಡಿದು ಪೆಡಲನ್ನು ಹಿಂದೆ ಮುಂದೆ ಜಗ್ಗಿ. ಚೈನಿನ ಸಡಿಲು ಬಿಟ್ಟರೆ ಬೇರೆ ಆಟ ಇರಬಾರದು, 'ಟಕ್' ಎಂದರೆ ಹಲ್ಲುಚಕ್ರ ಸಡಿಲಾಗಿದೆ. ಫೋರ್ಕಿನ ತಲೆಯಲ್ಲಿ ಬ್ರೇಕ್ ಬೋಲ್ಟಿನ ತೂತು ನೋಡಿ. ಲಾಕ್‌ರಿಂಗ್ ಇರಬೇಕಾದಲ್ಲಿ ವೆಲ್ಡಿಂಗ್ ಕಲೆ ಕಂಡರೆ, ಎಷ್ಟೇ ಅಗ್ಗಕ್ಕೆ ಕೊಡುತ್ತೇನೆಂದರೂ ಕೈಮುಗಿದು ಎದ್ದು ಬನ್ನಿ.

— ಸೈಕಲ್ ಕಟ್ಟುವ, ರಿಪೇರಿ ಮಾಡುವ ಕೆಲವರು, ವಿಜಯಪುರ